ಮಿಲಿಟರಿ ಗಾಡಿಯ ಹುಡ್ಡು, ರೇಷ್ಮೆಗೂಡಿನ ಲೋಡು

ನಮ್ಮ ಕೆಲಸಕ್ಕೆ ಹೊಸದಾಗಿ ಬರೋ ಹುಡುಗರು ಆಗಾಗ ನನ್ನ ಹತ್ರ ಬಂದು ಕೂತ್ಕೊತಾರೆ. ಆಟೋಗೆ ಹುಡ್ ಹಾಕೋರು, ಟೆಂಪೋ ಸೀಟಿಗೆ ರೆಕ್ಸಿನ್ ಹೊಲಿಯೋರು. "ತಾತಾ, ನಿಮ್ಮ ಕಾಲದಲ್ಲಿ ಮೆಷಿನ್ನೇ ಇರ್ಲಿಲ್ವಂತೆ, ಎಲ್ಲಾ ಕೈಯಲ್ಲೇ ಹೊಲೀತಿದ್ರಂತೆ" ಅಂತ ಶುರುಮಾಡ್ತಾರೆ. ಮೆಷಿನ್ ಇತ್ತು ಕಣ್ರಯ್ಯಾ. ನಾವೇನು ಮರದ ತೊಗಟೆ ಉಟ್ಕೊಂಡು ಓಡಾಡ್ತಿದ್ವಾ? ಮೂರು ಪದರ ಕ್ಯಾನ್ವಾಸು ಒಟ್ಟಿಗೆ ಬಂದ ಕಡೆ ಮಾತ್ರ ಮೆಷಿನ್ ಸೂಜಿ ಮುರಿದುಹೋಗೋದು. ಅಲ್ಲಿ ಅಂಗೈಗೆ ಚರ್ಮದ ಪಟ್ಟಿ ಕಟ್ಕೊಂಡು, ದಬ್ಬಳದಲ್ಲಿ ಮೇಣ ಹಚ್ಚಿದ ದಾರ ಏರಿಸಿ ಕೈಯಲ್ಲೇ ಹೊಲೀಬೇಕಿತ್ತು. ಇವರೆಲ್ಲ ಹೊಲಿಗೆ ಬಗ್ಗೆ ಕೇಳ್ತಾರೆ, ಬಟ್ಟೆ ಬಗ್ಗೆ ಒಬ್ಬನೂ ಕೇಳಲ್ಲ. ಅದಕ್ಕೇ ಇದನ್ನ ಬರೆದಿಡೋಣ ಅನ್ನಿಸ್ತು.

ನಾನು ಕೆಲಸ ಕಲಿತದ್ದು ಮುಳಬಾಗಿಲಿನಲ್ಲಿ, ಖಾದರ್ ಸಾಬರ ಹತ್ರ. ಎಪ್ಪತ್ತರ ದಶಕದ ಶುರು. ನಮ್ಮದು ಆವನಿ ಪಕ್ಕದ ಹಳ್ಳಿ, ರಾಗಿ ಹೊಲ ಇತ್ತು, ತಿನ್ನೋ ಬಾಯಿ ಜಾಸ್ತಿ ಇತ್ತು. ಅಂಗಡಿ ಹೈವೇ ಪಕ್ಕದಲ್ಲೇ. ನಂಗಲಿ ಕಡೆಯಿಂದ ಬರೋ ಲಾರಿ, ಆಂಧ್ರಕ್ಕೆ ಹೋಗೋ ಲಾರಿ ಎಲ್ಲಾ ನಮ್ಮ ಮುಂದೇನೇ ಹಾದುಹೋಗಬೇಕು. ಯಾರ ಟಾರ್ಪಾಲು ಹರಿದಿದೆ, ಯಾರದು ಇನ್ನೊಂದು ಮಳೆ ತಡೆಯುತ್ತೆ ಅಂತ ಸಾಬರು ಕೂತಲ್ಲಿಂದಲೇ ಹೇಳಿಬಿಡೋರು. ಮಾಲೂರಿನ ಹೆಂಚಿನ ಲಾರಿಯವರು ಮಾತ್ರ ನಮ್ಮ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಹೆಂಚಿಗೆ ಯಾತಕ್ಕೆ ಹೊದಿಕೆ? ಅವರು ಹೋದರೆ ಸಾಬರು "ನಮ್ಮ ಹೊಟ್ಟೆ ಮೇಲೆ ಹೊಡೆಯೋ ಜನ" ಅಂತ ಗೊಣಗೋರು.

ಸಾಬರದು ಮುಂಗೋಪ. ಬಟ್ಟೆ ಹಾಸಿರುವಾಗ ಅಂಗಡಿಯೊಳಗೆ ಟೀ ತರೋಹಾಗಿಲ್ಲ, ಚಪ್ಪಲಿ ಮೆಟ್ಟೋಹಾಗಿಲ್ಲ, ಅವರ ಕತ್ತರಿ ಮುಟ್ಟೋಹಾಗಿಲ್ಲ. ಹೊಸ ಕ್ಯಾನ್ವಾಸು ಬಂದ್ರೆ ಮೊದಲು ಅದಕ್ಕೆ ನೀರು ಕುಡಿಸಬೇಕು. ಅಂದ್ರೆ ಅಂಗಳದಲ್ಲಿ ಹಾಸಿ, ಕೊಡಗಟ್ಟಲೆ ನೀರು ಹೊಯ್ದು, ಒಣಗಿಸಿ, ಆಮೇಲೆ ಅಳತೆ ಹಾಕಬೇಕು. ನೀರು ಕುಡಿಯದ ಬಟ್ಟೆ ಮೊದಲ ಮಳೆಗೇ ಕುಗ್ಗುತ್ತೆ. ನಂಗಲಿಯ ಒಬ್ಬ ಲಾರಿ ಓನರ್ರು ಅರ್ಜೆಂಟು ಅರ್ಜೆಂಟು ಅಂತ ಪ್ರಾಣ ತಿಂದು ಒಣ ಬಟ್ಟೇಲೇ ಹೊಲಿಸಿಕೊಂಡು ಹೋದರು. ಮಳೆ ಬಂತು, ನಿಂತಿತು. ಆಮೇಲೆ ನೋಡಿದ್ರೆ ಹಗ್ಗ ಕೊಕ್ಕೆಗೆ ಮೊಳದುದ್ದ ಸಾಲದು. ಬೆಳೆದ ಹುಡುಗನಿಗೆ ಹಳೇ ಚಡ್ಡಿ ಹಾಕಿದ ಹಾಗೆ ಇತ್ತು. ಸಾಬರು ನಗಲೂ ಇಲ್ಲ, ಬೈಯಲೂ ಇಲ್ಲ. "ನೀರು ಕುಡಿಸಲಾ ಈಗ?" ಅಂದ್ರು ಅಷ್ಟೆ.

ನನ್ನ ಎಡವಟ್ಟೂ ಕಮ್ಮಿಯಿಲ್ಲ. ಹೊಲಿಗೆಯ ಮಡಿಕೆ ಯಾವಾಗಲೂ ಗಾಡಿಯ ಹಿಂದಕ್ಕೆ ಮುಖ ಮಾಡಿರಬೇಕು, ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ ಕೂರೋ ಹಾಗೆ. ನಾನು ಒಂದು ಲಾರಿಗೆ ಉಲ್ಟಾ ಹೊಲಿದುಬಿಟ್ಟಿದ್ದೆ. ಗಾಡಿ ಓಡಿದ ಹಾಗೆ ಮಡಿಕೆಯೊಳಗೆ ಗಾಳಿ ಹೊಕ್ಕು, ನಂಗಲಿ ಸೇರೋ ಹೊತ್ತಿಗೆ ಟಾರ್ಪಾಲು ಪೂರಿ ಉಬ್ಬಿದ ಹಾಗೆ ಉಬ್ಬಿ, ಹಗ್ಗ ಕಿತ್ಕೊಂಡು ಹುಣಸೆಮರದ ಮೇಲೆ ಹೋಗಿ ಕೂತಿತ್ತು. ಡ್ರೈವರು ಅದನ್ನ ಇಳಿಸ್ಕೊಂಡು ವಾಪಸ್ ತಂದು ನನ್ನ ಮೇಲೇ ಎಸೆದ.

ಆಮೇಲೆ ಸಾಬರ ಅಂಗಡಿಯ ಇನ್ನೊಂದು ಪದ್ಧತಿ. ಇದು ಬೇರೆ ಯಾವ ಅಂಗಡೀಲೂ ನಾನು ಕಂಡಿಲ್ಲ. ಹೊಸ ಹುಡ್ಡು ಹೊಲಿದವನು ಆ ಗಾಡಿಯ ಮೊದಲ ಲೋಡಿನ ಜೊತೆ, ಹುಡ್ಡಿನ ಕೆಳಗೇ ಕೂತ್ಕೊಂಡು ಹೋಗಬೇಕು. ಲೋಡು ಕಲ್ಲುಪ್ಪಿರಲಿ, ಕಡಲೆಕಾಯಿರಲಿ. ಬಗಲಲ್ಲಿ ಚೀಲ, ಅದರಲ್ಲಿ ದಬ್ಬಳ, ದಾರ, ಚಾಕು, ಮೇಣದ ಉಂಡೆ. "ಗಿರಾಕಿ ನೆನೆಯೋಕ್ಕೆ ಮುಂಚೆ ಹೊಲಿದೋನು ನೆನೀಬೇಕು" ಅನ್ನೋರು ಸಾಬರು. ಈ ಪದ್ಧತಿಯಿಂದಾಗಿ ನಾನು ಉಪ್ಪಿನ ಮೇಲೆ ಮಲಗಿದ್ದೀನಿ, ಈರುಳ್ಳಿ ಮಧ್ಯೆ ಕೂತು ಅತ್ತಿದ್ದೀನಿ, ಒಂದ್ಸಲ ಕುರಿಗಳ ಜೊತೆ ಬಂಗಾರಪೇಟೆವರೆಗೂ ಹೋಗಿದ್ದೀನಿ. ಆದರೆ ನನ್ನ ಕೆಲಸದ ಬದುಕಿನಲ್ಲಿ ಮರೆಯಲಾಗದ ಲೋಡು ಅಂದ್ರೆ ರತ್ನಮ್ಮನವರ ರೇಷ್ಮೆಗೂಡು.

ಅಷ್ಟೊತ್ತಿಗೆ ನಾನು ಮದುವೆಯಾಗಿ ಮಕ್ಕಳಿದ್ದವನು, ಹುಡ್ಡು ಪೂರ್ತಿ ನಾನೇ ಹೊಲೀತಿದ್ದೆ. ಒಂದು ಬೆಳಿಗ್ಗೆ ಅಂಗಡಿ ಮುಂದೆ ಒಂದು ಹಳೇ ಮಿಲಿಟರಿ ಪಿಕಪ್ಪು ಬಂದು ನಿಂತಿತು. ಇಳಿದವರು ಹವಾಲ್ದಾರ್ ನಾರಾಯಣಸ್ವಾಮಿ. ಗೌನಿಪಲ್ಲಿ ಹತ್ರದ ಹಳ್ಳಿಯವರು, ಸೈನ್ಯದಲ್ಲಿ ಡ್ರೈವರಾಗಿದ್ದು ರಿಟೈರಾಗಿ ಬಂದಿದ್ರು. ಮಿಲಿಟರಿಯವರು ಹರಾಜು ಹಾಕೋ ಗಾಡಿಗಳಲ್ಲಿ ತಾವು ಓಡಿಸ್ತಿದ್ದಂಥದ್ದೇ ಒಂದನ್ನ ಹುಡುಕಿ ತಂದಿದ್ರು. ಹಸಿರು ಬಣ್ಣ ನಾಗರಿಕರಿಗೆ ಆಗೋದಿಲ್ಲ ಅಂತ ಕೋಲಾರದಲ್ಲಿ ಆಫೀಸಿನವರು ಹೇಳಿದ್ದಕ್ಕೆ ಬೇಜಾರಲ್ಲೇ ನೀಲಿ ಬಳಿಸಿದ್ರು. ನೀಲಿ ಎಷ್ಟು ಬಳಿದರೂ ಆ ಗಾಡಿಯ ಮೂತಿ ಮಾತ್ರ ಪರೇಡಿಗೆ ನಿಂತ ಹಾಗೇ ಇತ್ತು. ಮೇಲೆ ಕಬ್ಬಿಣದ ಕಮಾನುಗಳು, ಅದರ ಮೇಲೆ ಚಿಂದಿಯಾದ ಹಳೇ ಹುಡ್ಡು.

"ಸಾಬ್ರೇ, ಇದರ ಹಾಗೇ ಹೊಸದು ಬೇಕು. ಒಂದು ಹನಿ ಒಳಗೆ ಬರಬಾರದು" ಅಂದ್ರು ಹವಾಲ್ದಾರ್ರು.

"ಏನು ಲೋಡು?"

"ಮಾವು ಆಮೇಲೆ. ಮೊದಲು ರೇಷ್ಮೆಗೂಡು. ನಮ್ಮ ಮನೆಯೋಳು ಹುಳ ಸಾಕಿದ್ದಾಳೆ."

ಆ ಮನೆಯೋಳು ಅಂದ್ರೆ ರತ್ನಮ್ಮ, ಗಾಡಿಯಿಂದ ಇಳಿದು ಒಂದು ಪಕ್ಕ ನಿಂತಿದ್ರು. ಗಂಡ ಸೈನ್ಯದಲ್ಲಿದ್ದಷ್ಟು ದಿನ ಅತ್ತೆ ಮುನಿಯಮ್ಮನ ಕೈಕೆಳಗೆ ಬಾಳಿದವರು. ಹಿಪ್ಪುನೇರಳೆ ಹಾಕಿಸಿ ಹುಳ ಸಾಕೋಣ ಅಂತ ಎಷ್ಟೋ ಕಾಲದಿಂದ ಕೇಳ್ತಾ ಇದ್ರಂತೆ. ಮುನಿಯಮ್ಮ ಒಪ್ಪಿರ್ಲಿಲ್ಲ. "ಹುಳಕ್ಕೆ ಮನೆ ಬಿಟ್ಟುಕೊಟ್ಟು ನಾವು ಬೀದೀಲಿ ಮಲಗೋದಾ?" ಅನ್ನೋದು ಆಕೆಯ ಮಾತು. ಕೊನೆಗೆ ಮಗ ಬಂದು ಹೇಳಿದ ಮೇಲೆ, ಎಮ್ಮೆ ಕಟ್ಟೋ ಕೋಣೆ ಖಾಲಿಮಾಡಿ ಕೊಟ್ಟಿದ್ರು. ಒಂದೇ ಷರತ್ತು. ಒಂದು ಬೆಳೆ ನೋಡ್ತೀನಿ, ಕೆಟ್ಟರೆ ಎಮ್ಮೆ ವಾಪಸ್ ಒಳಗೆ, ಹುಳದ ಮಾತು ಮತ್ತೆ ಎತ್ತಬಾರದು. ರತ್ನಮ್ಮ ಇದನ್ನೆಲ್ಲ ನಾನು ಅಳತೆ ಹಿಡೀತಿದ್ದಾಗ ನಗ್ತಾ ನಗ್ತಾ ಹೇಳಿದ್ರು. ಆದರೆ ಸೆರಗಿನ ತುದಿ ಬೆರಳಿಗೆ ಸುತ್ಕೊಳ್ತಾ ಬಿಚ್ತಾ ಇದ್ರು. ಭಯ ಇತ್ತು ಆಯಮ್ಮನಿಗೆ.

ನಾವು ಮೂರು ಜನ ಗಂಡಸರು ಆ ಹುಡ್ಡಿನ ಮೇಲೆ ಬಿದ್ದುಬಿಟ್ವಿ. ಬಟ್ಟೆಗೆ ನೀರು ಕುಡಿಸಿದ್ವಿ. ಕಮಾನಿನ ಮೇಲೆ ಒಳಮೈ ಹೊರಗೆ ಮಾಡಿ ಹೊದಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ಸಾಬರು ಕತ್ತರಿ ಹಾಕಿದ್ರು. ಹಗ್ಗ ತೂರಿಸೋ ಹಿತ್ತಾಳೆ ಕಣ್ಣುಗಳನ್ನ ಗಾಡಿಯ ಕೊಕ್ಕೆಗೆ ನೇರ ಬರೋ ಹಾಗೆ ಬಡಿದ್ವಿ. ಕ್ಯಾನ್ವಾಸಿಗೆ ಒಂದು ಗುಣ ಇದೆ. ಮಳೆ ಬರುವಾಗ ಒಳಗಿಂದ ಬೆರಳು ಮುಟ್ಟಿಸಿದರೆ ಮುಟ್ಟಿದ ಕಡೆಯಿಂದ ತೊಟ್ಟಿಕ್ಕೋಕೆ ಶುರುವಾಗುತ್ತೆ. ಅದಕ್ಕೇ ಬುಟ್ಟಿಗಳು ತಾಗದ ಹಾಗೆ ಕಮಾನನ್ನ ಸ್ವಲ್ಪ ಎತ್ತರಿಸಿದ್ವಿ. ಇಷ್ಟು ಸಾಕಿತ್ತು. ಆದರೆ ಹವಾಲ್ದಾರ್ರು ಒಂದು ಹನಿ, ಒಂದು ಹನಿ ಅಂತ ಜಪ ಮಾಡ್ತಾನೇ ಇದ್ರು. ಸಾಬರಿಗೂ ಮಿಲಿಟರಿಯವರ ಮುಂದೆ ಬಿಟ್ಟುಕೊಡೋ ಮನಸ್ಸಿಲ್ಲ. ಟರ್ಪೆಂಟೈನಿನಲ್ಲಿ ಮೇಣ ಕರಗಿಸಿ ಒಂದು ಸಲ ಬಳಿಯೋ ಕಡೆ ಎರಡು ಸಲ ಬಳಿದ್ವಿ. ಹಿಂದಿನ ಪರದೆಗೆ ಒಂದರ ಮೇಲೊಂದು ಎರಡು ಪದರ ಇಟ್ವಿ. ಕೊನೆಗೆ ಅವರಿಬ್ಬರೂ ಸುತ್ತ ನಿಂತು ಕೊಡಗಟ್ಟಲೆ ನೀರು ಹೊಯ್ದ್ರು, ನಾನು ಒಳಗೆ ಕೂತು ನೋಡಿದೆ. ಒಣಗಿದ ತಮಟೆ ಹಾಗಿತ್ತು ಒಳಗೆ. ಅಷ್ಟು ಚೆನ್ನಾಗಿರೋ ಹುಡ್ಡು ಅದಕ್ಕೆ ಮುಂಚೆ ನಾನು ಹೊಲಿದಿರ್ಲಿಲ್ಲ. ಎದೆ ಉಬ್ಬಿಹೋಯ್ತು ನನಗೆ.

ಗೂಡು ಬಿಡಿಸಿ ಕೋಲಾರದ ಮಾರ್ಕೆಟ್ಟಿಗೆ ಒಯ್ಯೋ ದಿನ ನಾನು ಅವರ ಊರಿಗೆ ಹೋದೆ. ಬಿದಿರು ಬುಟ್ಟಿಗಳಲ್ಲಿ ಬಿಳಿ, ಹಳದಿ ಬಣ್ಣದ ಗೂಡು. ಒಂದನ್ನ ಎತ್ತಿ ಕಿವಿ ಹತ್ರ ಅಲುಗಿಸಿದ್ರೆ ಒಳಗಿನ ಹುಳ ಲೊಟ ಲೊಟ ಅನ್ನೋದು. ಮುನಿಯಮ್ಮ ಜಗಲಿ ಮೇಲೆ ಕಾಲು ನೀಡಿ ಕೂತಿದ್ರು. ಮಗನನ್ನ ನೋಡಿ ತೆಲುಗು ಬೆರೆಸಿ ಕೇಳಿದ್ರು.

"ಏಮ್ರಾ ನಾಣಿ, ಎಲ್ಲರೂ ಬಸ್ಸಿನ ಮೇಲೆ ಹಾಕ್ಕೊಂಡು ಹೋಗ್ತಾರೆ. ನಿನಗೇ ಏನು ಈ ಡೇರೆ?"

"ಮಳೆ ಬರೋ ಹಾಗಿದೆ ಕಣಮ್ಮಾ. ನೆನೆದ್ರೆ ಹಾಳಾಗುತ್ತೆ."

"ಸರೇ. ಹಾಳಾದ್ರೆ ಎಮ್ಮೆ ಒಳಗೆ. ಹೇಳಿದ್ದೀನಿ" ಅಂದ್ರು ಆಕೆ, ಮಗನ ಕಡೆ ನೋಡದೆ ಸೊಸೆ ಕಡೆ ನೋಡ್ತಾ.

ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ರು. ಮುಂದೆ ಗಂಡನ ಪಕ್ಕ ಕೂರೋದು ಬಿಟ್ಟು ಹಿಂದೆ ಬುಟ್ಟಿಗಳ ಜೊತೆ ಹತ್ತಿಕೊಂಡ್ರು. ಪದ್ಧತಿ ಪ್ರಕಾರ ನಾನೂ ಹತ್ತಿದೆ. ಹವಾಲ್ದಾರ್ರು ಒಂದೊಂದು ಹಗ್ಗವನ್ನೂ ಮಿಲಿಟರಿ ಗಂಟು ಹಾಕಿ ಬಿಗಿದು, ಹಿಂದಿನ ಪರದೆ ಎರಡೂ ಪದರ ಕಟ್ಟಿ, ಸಲ್ಯೂಟ್ ಹೊಡೆಯೋ ಹಾಗೆ ಒಂದು ಸಲ ಗಾಡಿ ನೋಡಿ ಸ್ಟೀರಿಂಗ್ ಹಿಡಿದ್ರು.

ಶ್ರೀನಿವಾಸಪುರ ದಾಟಿದ ಮೇಲೆ ಮಳೆ ಹಿಡೀತು. ಅಬ್ಬಾ, ಅದೆಂಥ ಮಳೆ. ಹುಡ್ಡಿನ ಮೇಲೆ ಕಡಲೆ ಸುರಿದ ಹಾಗೆ ಸದ್ದು. ನಾನು ಕತ್ತೆತ್ತಿ ಒಂದೊಂದು ಹೊಲಿಗೆ ನೋಡಿದೆ. ಒಂದು ಹನಿ? ಇಲ್ಲ. "ಹೆಂಗಿದೆ ಅಕ್ಕಾ ನಮ್ಮ ಕೆಲಸ?" ಅಂದೆ. ಅವರು "ಚೆನ್ನಾಗಿದೆ ಅಣ್ಣಾ" ಅಂದ್ರು. ಆದರೆ ಮುಖ ಯಾಕೋ ಸರಿ ಇರ್ಲಿಲ್ಲ. ಸ್ವಲ್ಪ ದೂರ ಹೋದಮೇಲೆ ನನಗೂ ಬೆನ್ನಿಂದ ಬೆವರು ಇಳಿಯೋಕೆ ಶುರುವಾಯ್ತು. ಮೇಣದ ವಾಸನೆ, ಹುಳದ ವಾಸನೆ ಎರಡೂ ಸೇರಿ ಮೂಗಿಗೆ ಹೊಡೀತಿತ್ತು. ಹುಡ್ಡಿನ ಒಳಮೈ ಮುಟ್ಟಿದೆ. ಒದ್ದೆ. ಮೇಲಿಂದ ಬಂದ ನೀರಲ್ಲ ಅದು, ಇಡ್ಲಿ ಪಾತ್ರೆ ಮುಚ್ಚಳಕ್ಕೆ ಹಿಡಿಯೋ ನೀರು.

ರತ್ನಮ್ಮ ಒಂದು ಬುಟ್ಟಿಯೊಳಕ್ಕೆ ಮೊಣಕೈವರೆಗೂ ಕೈ ಹಾಕಿದ್ರು. ತೆಗೆದಾಗ ಕೈ ಬೆವೆತಿತ್ತು.

"ಅಣ್ಣಾ, ಗೂಡು ಬೇಯ್ತಾ ಇದೆ."

"ಏನು?"

"ಒಳಗೆ ಜೀವ ಇದೆ ಅಣ್ಣಾ ಇದಕ್ಕೆ. ಉಸಿರಾಡುತ್ತೆ. ಹುಳ ಸತ್ತು ಕರಗಿದ್ರೆ ಗೂಡಿಗೆಲ್ಲ ಕಲೆ ಹಿಡಿಯುತ್ತೆ. ಯಾರೂ ಮುಟ್ಟಲ್ಲ."

ನೀರು ಬರಬಾರದು ಅಂತ ಇಷ್ಟೆಲ್ಲ ಮಾಡಿದ್ವಿ, ಗಾಳಿ ಬರಬೇಕು ಅಂತ ನಮ್ಮ ಮೂರು ಜನದಲ್ಲಿ ಒಬ್ಬನ ತಲೆಗೂ ಹೊಳೆದಿರ್ಲಿಲ್ಲ. ಹಳ್ಳಿಯವರು ಬಸ್ಸಿನ ಮೇಲೆ ಹಾಕ್ಕೊಂಡು ಹೋದಾಗ ನೆನೆಯೋದು ನೆನೆಯುತ್ತೆ, ಗಾಳಿ ತಾನಾಗೇ ಸಿಗುತ್ತೆ. ಅದು ಮೊದಲ ಬೆಳೆ ಆದ್ದರಿಂದ ರತ್ನಮ್ಮನಿಗೂ ಮುಚ್ಚಿದ ಗಾಡೀಲಿ ಹಿಂಗಾಗುತ್ತೆ ಅಂತ ಗೊತ್ತಿರ್ಲಿಲ್ಲ.

ಮುಂದಿನ ತಗಡು ಬಡಿದೆ. ಗಾಡಿ ನಿಂತಿತು. ಹವಾಲ್ದಾರ್ರು ಮಳೇಲಿ ಇಳಿದು ಬಂದು ಪರದೆ ಸಂದೀಲಿ ಮುಖ ತೂರಿಸಿದ್ರು. ವಿಷಯ ಹೇಳಿದ್ವಿ. ಹಿಂದಿನ ಪರದೆ ಎತ್ತಿಕಟ್ಟಿ ಸ್ವಲ್ಪ ದೂರ ಓಡಿಸಿ ನೋಡಿದ್ವಿ. ಗಾಳಿ ಬರ್ಲಿಲ್ಲ, ಸೈಲೆನ್ಸರಿನ ಹೊಗೆ ಬಂತು, ಚಕ್ರ ಎರಚಿದ ಕೆಸರು ಬಂತು. ಬರೋ ಗಾಳಿಗೆ ಹೋಗೋಕೆ ಮುಂದೆ ದಾರಿ ಇಲ್ಲದೆ ಇದ್ರೆ ಅದು ಯಾಕೆ ಬರುತ್ತೆ? ಮತ್ತೆ ನಿಲ್ಲಿಸಿದ್ವಿ.

"ಮುಂದೆ, ಮೇಲ್ಗಡೆ ಕೊಯ್ಯಬೇಕು" ಅಂದೆ.

"ಹೊಸ ಹುಡ್ಡು ಕಣಯ್ಯಾ ಅದು" ಅಂದ್ರು ಹವಾಲ್ದಾರ್ರು. "ಒಂದು ಹನಿ ಬಿದ್ರೂ ಗೂಡು ಹಾಳು ಅಂತ ಇವಳೇ ಹೇಳಿದ್ದು. ಈಗ ತೂತು ಮಾಡು ಅಂತೀರಾ?"

"ಹನಿ ಬಿದ್ರೆ ಒಂದು ಬುಟ್ಟಿ ಹೋಗುತ್ತೆ ರೀ" ಅಂದ್ರು ರತ್ನಮ್ಮ. "ಹಿಂಗೇ ಹೋದ್ರೆ ಅಷ್ಟೂ ಹೋಗುತ್ತೆ. ಅತ್ತೆ ಏನಂದ್ರು ಕೇಳಿಸ್ಕೊಂಡ್ರಲ್ಲ? ನನಗೆ ಇನ್ನೊಂದು ಸಲ ಕೊಡಲ್ಲ ಅವರು."

ಹವಾಲ್ದಾರ್ರು ಪರದೆ ಬಿಟ್ಟು ಪಕ್ಕಕ್ಕೆ ಸರಿದ್ರು. ನಾನು ಚಾಕು ತೆಗೆದೆ. ತೆಗೆದೆ ಅಷ್ಟೆ, ಕೈ ಏಳಲಿಲ್ಲ. ಆ ಬಟ್ಟೆಗೆ ನಾನೇ ನೀರು ಕುಡಿಸಿದ್ದೆ, ನಾನೇ ಮೇಣ ಬಳಿದಿದ್ದೆ. ಸಾಬರ ಮುಖ ಬೇರೆ ಕಣ್ಮುಂದೆ ಬಂತು. ಅವರ ಅಂಗಡೀಲಿ ಕತ್ತರಿ ಮುಟ್ಟೋಕೂ ಬಿಡದವರು, ಅವರು ಕತ್ತರಿಸಿದ ಬಟ್ಟೆಗೆ ನಾನು ಚಾಕು ಹಾಕೋದಾ?

"ಅಣ್ಣಾ, ನೀವು ಕೊಯ್ತೀರಾ, ನಾನು ಕೊಯ್ಲಾ?" ಅಂದ್ರು ರತ್ನಮ್ಮ, ಕೈ ಚಾಚಿ.

ಕೊಯ್ದೆ. ಮಳೆ ಹೊಡೆಯದ ಪಕ್ಕ ಯಾವುದು ಅಂತ ನೋಡಿ, ಮುಂದಿನ ಕಮಾನಿನ ಪಕ್ಕದಲ್ಲಿ, ಬುಟ್ಟಿಗಳಿಗಿಂತ ಎತ್ತರದಲ್ಲಿ ಮೂರು ಕಡೆ ಕೊಯ್ದು, ಮೇಲಿನ ಕಡೆ ಹಾಗೇ ಬಿಟ್ಟೆ. ಕೊಯ್ದ ತುಂಡು ಹೊರಕ್ಕೆ ಚಾಚಿ ಸೂರಿನ ಹಾಗೆ ನಿಲ್ಲಬೇಕು. ಬುಟ್ಟಿಯ ಒಂದು ಬಿದಿರು ಸೀಳು ಕಿತ್ತು ಅದಕ್ಕೆ ಊರುಗೋಲು ಕೊಟ್ಟೆ. ಹಿಂದಿನ ಪರದೆಯ ಒಂದು ಪದರ ಕಳಚಿ, ಇನ್ನೊಂದನ್ನ ಮೇಲ್ಗಡೆ ಒಂದು ಗೇಣು ಸಡಿಲ ಬಿಟ್ಟೆ. ಗಾಡಿ ಹೊರಟಿತು. ಆ ಸೂರಿನ ಕೆಳಗಿಂದ ಬಂದ ತಣ್ಣನೆ ಗಾಳಿ ನನ್ನ ಮುಖಕ್ಕೆ ತಾಗಿದ್ದು ಈಗಲೂ ನೆನಪಿದೆ. ರತ್ನಮ್ಮ ಕೋಲಾರದವರೆಗೂ ಕೂರಲೇ ಇಲ್ಲ. ಕೆಳಗಿನ ಗೂಡು ಮೇಲೆ, ಮೇಲಿನದು ಕೆಳಗೆ ಅಂತ ಬುಟ್ಟಿಯಿಂದ ಬುಟ್ಟಿಗೆ ಕೈಯಾಡಿಸ್ತಾನೇ ಇದ್ರು. ನಾನು ಆ ಬಿದಿರು ಸೀಳು ಬೀಳದ ಹಾಗೆ ಹಿಡ್ಕೊಂಡು ನಿಂತಿದ್ದೆ, ತೋಳೆಲ್ಲ ಮರಗಟ್ಟಿ ಹೋಗಿತ್ತು.

ಮಾರ್ಕೆಟ್ಟಿನಲ್ಲಿ ಗೂಡು ಹರವಿದ್ವಿ. ನೂಲು ತೆಗೆಯೋರು ಒಬ್ಬೊಬ್ಬರೇ ಬಂದು ಕೈ ಹಾಕಿ, ಮೂಸಿ, ಕಿವಿ ಹತ್ರ ಅಲುಗಿಸಿ ನೋಡಿದ್ರು. ರತ್ನಮ್ಮ ಅವರ ಕೈ ನೋಡ್ತಿರ್ಲಿಲ್ಲ, ಮುಖ ನೋಡ್ತಿದ್ರು. ಹಿಂದಿನ ಮೂಲೇಲಿ, ಅಡಿಯಲ್ಲಿದ್ದ ಬುಟ್ಟಿಗಳಲ್ಲಿ ಕಲೆ ಬಿದ್ದಿತ್ತು, ಅದನ್ನ ಪಕ್ಕಕ್ಕೆ ತಳ್ಳಿದ್ರು. ಮಿಕ್ಕದ್ದು ಎಲ್ಲರ ಗೂಡಿನ ರೇಟಿಗೇ ಹೋಯ್ತು. ಅದಾದ ಮೇಲೆ ಆಯಮ್ಮ ಪಕ್ಕದ ಹೋಟ್ಲಿನಲ್ಲಿ ಕೂತು, ನಾವಿಬ್ಬರು ನೋಡ್ತಿರೋ ಹಾಗೇ, ಎರಡು ಪ್ಲೇಟು ಇಡ್ಲಿ ಒಂದೇ ಉಸಿರಿಗೆ ತಿಂದ್ರು. ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕಿರ್ಲಿಲ್ವಂತೆ.

ಆದರೆ ಪಕ್ಕಕ್ಕೆ ತಳ್ಳಿದ ಬುಟ್ಟಿಗಳು ವಾಪಸ್ ಮನೆಗೆ ಹೋಗಲೇಬೇಕಿತ್ತು. ಮುನಿಯಮ್ಮ ನೋಡಲೇಬೇಕಿತ್ತು. "ಏನಂತಾರೋ" ಅಂದ್ರು ರತ್ನಮ್ಮ ಗಾಡಿ ಹತ್ತುವಾಗ. ನಾನು ಕೋಲಾರದಿಂದ ಬಸ್ಸಲ್ಲಿ ಮುಳಬಾಗಿಲಿಗೆ ಬಂದೆ. ದಾರಿಯುದ್ದಕ್ಕೂ ನನ್ನ ತಲೇಲೂ ಅದೇ ಮಾತು.

ಸಾಬರಿಗೆ ಅದೇ ದಿನ ಹೇಳಿದೆ. ಅವರು ಹೊಲಿಯೋದು ನಿಲ್ಲಿಸಿದ್ರು.

"ನೀರು ಬಂತಾ ರಮಣಾ?"

"ಇಲ್ಲ ಸಾಬ್ರೇ. ಒಂದು ಹನಿ ಇಲ್ಲ."

"ಮತ್ತೆ ಯಾಕೋ ಕೊಯ್ದೆ?"

ಹೇಳಿದೆ. ಬೈತಾರೆ ಅಂತ ಕಾದೆ. ಬೈಯಲಿಲ್ಲ. ಗಡ್ಡ ಸವರ್ತಾ, "ಮಳೆಗೆ ಹೊಲಿದ್ವಿ. ಲೋಡಿಗೆ ಹೊಲೀಲಿಲ್ಲ. ಅದೂ ನಾನು ಇಷ್ಟು ವಯಸ್ಸಾದವನು" ಅಂದ್ರು. ಅವರ ಮುಖ ನೋಡಿ, ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು. ಆಮೇಲೆ ಅದೇ ಬಟ್ಟೇಲಿ ಒಂದು ತುಂಡು ತೆಗೆದು ನೀರು ಕುಡಿಸಿ, ಮೇಣ ಹಚ್ಚಿ, ಪ್ಯಾಚಿಗೆ ಅಂತ ರೆಡಿ ಮಾಡಿಟ್ರು. ಗಾಡಿ ಬಂದ ದಿನ ಕೂಡಲೇ ಮುಚ್ಚಿಕೊಡಬೇಕು ಅಂತ.

ಗಾಡಿ ಬೇಗ ಬರ್ಲಿಲ್ಲ. ಎಮ್ಮೆ ಒಳಗೆ ಹೋಯ್ತು ಅಂತಲೇ ಅಂದ್ಕೊಂಡೆ. ಆ ಕಡೆಯಿಂದ ಬರೋ ಮಾವಿನ ಗಾಡಿಯವರನ್ನ ಕೇಳೋಕೂ ನನಗೆ ಧೈರ್ಯ ಬರ್ಲಿಲ್ಲ. ಆಯಮ್ಮನ ಒಂದು ಆಸೆ ನಮ್ಮ ಹೆಚ್ಚುಗಾರಿಕೆಯಿಂದ ಮಣ್ಣುಪಾಲಾಯ್ತಲ್ಲ ಅಂತ ಆ ಪ್ಯಾಚಿನ ತುಂಡು ಕಂಡಾಗೆಲ್ಲ ಅನ್ನಿಸೋದು.

ಕೊನೆಗೆ ಒಂದು ದಿನ ಆ ನೀಲಿ ಗಾಡಿ ಬಂತು. ಹವಾಲ್ದಾರ್ರ ಪಕ್ಕದಲ್ಲಿ ರತ್ನಮ್ಮ ಇರ್ಲಿಲ್ಲ, ಮುನಿಯಮ್ಮ ಕೂತಿದ್ರು. ಆಕೆ ಮಗನ ಭುಜ ಹಿಡಿದು ಇಳಿದು, ಯಾರನ್ನೂ ಮಾತಾಡಿಸದೆ ಗಾಡಿ ಸುತ್ತ ಒಂದು ಸುತ್ತು ಬಂದ್ರು. ನಾನು ಕೊಯ್ದ ಜಾಗದ ಕೆಳಗೆ ನಿಂತು ಕತ್ತೆತ್ತಿ ನೋಡಿದ್ರು.

"ಇದನ್ನ ಕೊಯ್ದೋನು ಯಾರು?"

"ನಾನೇ ಅಮ್ಮಾ" ಅಂದೆ.

ಮೇಲಿಂದ ಕೆಳಗೆ ನನ್ನ ನೋಡಿದ್ರು. ಆಮೇಲೆ ಸಾಬರ ಕೈ ಕಡೆ ತಿರುಗಿದ್ರು. "ಅದೇನು ಸಾಬ್ರೇ ಕೈಯಲ್ಲಿ?"

"ಪ್ಯಾಚಮ್ಮಾ. ಅದನ್ನ ಮುಚ್ಚಿಕೊಡ್ತೀವಿ. ಕಾಸು ಬೇಡ. ತಪ್ಪು ನಮ್ದು."

"ಮುಚ್ಚೋದು ಬೇಡ. ಅದಕ್ಕೊಂದು ಒಳ್ಳೆ ಮುಚ್ಚಳ ಹೊಲಿದು, ತೆಗೆಯೋ ಹಾಗೆ ಹಾಕೋ ಹಾಗೆ ಮಾಡಿ. ಆ ಕಡೆನೂ ಅಂಥದ್ದೇ ಒಂದು ಕೊಯ್ಯಿರಿ" ಅಂದ್ರು ಮುನಿಯಮ್ಮ.

ನಾನು ತಡೀಲಾರದೆ ಕೇಳಿದೆ, "ಅಕ್ಕ ಬರ್ಲಿಲ್ವಾ ಅಮ್ಮಾ?"

"ಅವಳು ಹೆಂಗೆ ಬರ್ತಾಳೆ? ಹುಳ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು, ಬಿಟ್ಟು ಬರೋಕಾಗುತ್ತಾ?" ಆಕೆ ಅಂಗಡಿ ಮೆಟ್ಟಿಲ ಮೇಲೆ ಕೂತ್ಕೊಂಡು ಸೆರಗಿನಿಂದ ಗಾಳಿ ಹಾಕ್ಕೊಂಡ್ರು. "ಬೇಗ ಬೇಗ ಹೊಲೀರಪ್ಪಾ. ಅವು ಏಳೋ ಹೊತ್ತಿಗೆ ನಾನೂ ಹೋಗಿ ಸೊಪ್ಪು ಹೆಚ್ಚಬೇಕು. ಈ ಸಲ ಎರಡು ಕೋಣೇಲಿ ಸಾಕ್ತಿದ್ದೀವಿ."